ಟ್ರ್ಯಾಕ್ಟರಿಗೊಂದು ಕಾಂಕ್ರೀಟ್ ಬಾಲ

ಕುಂಟೆ ಹೊಡೆಯುವಾಗ ಮಣ್ಣು ಗಟ್ಟಿಯಿದ್ದರೆ ನಮ್ಮೂರಲ್ಲಿ ಕುಂಟೆಯ ಮೇಲೊಂದು ಕಲ್ಲು ಹೇರುತ್ತಿದ್ದರು. ಕಲ್ಲು ಕೈಗೆ ಸಿಗದಿದ್ದರೆ ಮನೆಯ ಹುಡುಗನನ್ನೇ ಹತ್ತಿಸಿ ಕೂರಿಸುತ್ತಿದ್ದರು. ನಾನೂ ಹಾಗೆ ಕಲ್ಲಿನ ಬದಲು ಕೂತವನೇ. ಕುಂಟೆಗೆ ಬೇಕಾಗಿದ್ದುದು ನನ್ನ ಬುದ್ಧಿಯಲ್ಲ, ತೂಕ ಎಂಬುದು ಆಗ ಗೊತ್ತಿರಲಿಲ್ಲ. ಚೆನ್ನೈಗೆ ಬಂದು ನೆಲೆಸಿ, ಹೊಲದ ಸಹವಾಸ ಬಿಟ್ಟೇಹೋಯಿತು ಅಂದುಕೊಂಡಿದ್ದ ಕಾಲಕ್ಕೆ ಆ ಕಲ್ಲು ಮತ್ತೆ ನೆನಪಾಯಿತು.

ಚೆನ್ನೈನ ದಕ್ಷಿಣಕ್ಕೆ, ತಿರುಪ್ಪೋರೂರಿನ ಕಡೆ ಗೆಳೆಯನೊಬ್ಬ ಸಣ್ಣದೊಂದು ಹಸುವಿನ ಕೊಟ್ಟಿಗೆ ಮಾಡಿಕೊಂಡಿದ್ದಾನೆ. ಸಗಣಿ, ಹಸಿಮೇವು, ಜಲ್ಲಿ ಎಲ್ಲಕ್ಕೂ ಒಂದೇ ಸಣ್ಣ ಟ್ರ್ಯಾಕ್ಟರು. ಅದರ ಮೂತಿಗೆ ಲೋಡರ್ ಹಾಕಿಸಿದ್ದ. ಒಂದು ಬೆಳಿಗ್ಗೆ ಬಕೆಟ್ ತುಂಬ ಹಸಿ ಸಗಣಿ ಎತ್ತಿಕೊಂಡು ಗೊಬ್ಬರದ ಗುಂಡಿಯ ಇಳಿಜಾರಿನಲ್ಲಿ ಮೆಲ್ಲಗೆ ಬರುತ್ತಿದ್ದ. ಬ್ರೇಕ್ ತುಳಿದದ್ದೇ ತಡ, ಹಿಂದಿನ ಎಡ ಚಕ್ರ ಒಂದು ಗೇಣು ಮೇಲೆದ್ದು ಗಾಳಿಯಲ್ಲಿ ನಿಂತುಬಿಟ್ಟಿತು. ಅವನ ಪುಣ್ಯ, ಬಕೆಟ್ ನೆಲಕ್ಕೆ ಹತ್ತಿರವಿತ್ತು. ಸನ್ನೆ ಇಳಿಸಿದ ಕೂಡಲೇ ಚಕ್ರ ದಪ್ಪೆಂದು ಕೆಳಗೆ ಬಿತ್ತು. ಅವತ್ತೇ ಫೋನು ಬಂತು: "ಹಿಂದಕ್ಕೆ ಏನಾದರೂ ಕಟ್ಟಬೇಕು ಕಣೋ, ಏನು ಕಟ್ಟಲಿ ಹೇಳು."

ಏತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೋಡರ್ ಹಾಕಿದ ಟ್ರ್ಯಾಕ್ಟರಿನಲ್ಲಿ ಮುಂದಿನ ಆಕ್ಸಲ್ಲೇ ಏತದ ಕವೆಗಂಬ. ಬಕೆಟ್ ಆ ಕಡೆ, ಹಿಂದಿನ ಚಕ್ರ ಈ ಕಡೆ. ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 1.55 ಮೀಟರ್ ಎಂದಿಟ್ಟುಕೊಳ್ಳಿ. ಬಕೆಟ್ಟಿನ ನಡು ಮುಂದಿನ ಆಕ್ಸಲ್‌ನಿಂದ 1 ಮೀಟರ್ ಆಚೆಗಿದೆ, ಅದರಲ್ಲಿ 250 ಕಿಲೋ ಸಗಣಿ ಇದೆ. 250ನ್ನು 1ರಿಂದ ಗುಣಿಸಿ 1.55ರಿಂದ ಭಾಗಿಸಿದರೆ 161. ಅಂದರೆ ಹಿಂದಿನ ಚಕ್ರಗಳ ಮೇಲಿದ್ದ ಭಾರದಲ್ಲಿ 161 ಕಿಲೋ ಮಾಯವಾಯಿತು. ಅದು ಎಲ್ಲಿಗೂ ಹೋಗಿಲ್ಲ, ಮುಂದಿನ ಆಕ್ಸಲ್ಲಿನ ಮೇಲೆ ಹೋಗಿ ಕೂತಿದೆ: 250 ಮತ್ತು 161, ಒಟ್ಟು 411 ಕಿಲೋ ಹೆಚ್ಚುವರಿ. ಲೋಡರಿನ ಸ್ವಂತ ಕಬ್ಬಿಣ ಇದರಲ್ಲಿ ಸೇರಿಲ್ಲ.

ಇದು ನಿಂತ ಟ್ರ್ಯಾಕ್ಟರಿನ ಲೆಕ್ಕ. ಇಳಿಜಾರು, ಬ್ರೇಕು, ಗುಂಡಿ ಸೇರಿದರೆ ಇನ್ನೂ ಕೆಡುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗಾಡುತ್ತದೆ, ಏರುತಗ್ಗಿನಲ್ಲಿ ನಾಲ್ಕೂ ಚಕ್ರ ನೆಲ ಮುಟ್ಟಲಿ ಅಂತ. ಹಾಗಾಗಿ ಟ್ರ್ಯಾಕ್ಟರು ನೋಡಲು ನಾಲ್ಕು ಕಾಲಿನದಾದರೂ ನಿಲ್ಲುವುದು ಮೂರು ಕಾಲಿನ ಸ್ಟೂಲಿನಂತೆ. ಭಾರವೆಲ್ಲ ಮುಂದಿನ ಒಂಟಿ ಕಾಲಿನ ಕಡೆ ಸರಿದರೆ ಹಿಂದಿನ ಒಂದು ಚಕ್ರ ಸುಮ್ಮನೆ ಏಳುತ್ತದೆ. ಸಾಲದ್ದಕ್ಕೆ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಚಕ್ರ ಗಾಳಿಯಲ್ಲಿದ್ದರೆ ಪೆಡಲು ತುಳಿದೂ ಪ್ರಯೋಜನವಿಲ್ಲ.

ಈಗ ಹಿಂದಕ್ಕೆ ಕಾಂಕ್ರೀಟ್ ತುಂಬಿದ 300 ಕಿಲೋದ ಒಂದು ಪೀಪಾಯಿ ತೂಗುಹಾಕಿ ನೋಡೋಣ. ಹಿಂದಿನ ಆಕ್ಸಲ್‌ನಿಂದ ಅದರ ನಡು 90 ಸೆಂ.ಮೀ. ದೂರವಿದ್ದರೆ, ಮೊದಲಿನ ಲೆಕ್ಕವನ್ನೇ ತಿರುಗಿಸಿ ಹಾಕಿದಾಗ ಮುಂದಿನ ಆಕ್ಸಲ್‌ನಿಂದ 174 ಕಿಲೋ ಇಳಿಯುತ್ತದೆ, ಹಿಂದಿನ ಚಕ್ರಗಳ ಮೇಲೆ 474 ಕಿಲೋ ಏರುತ್ತದೆ. ತೂಗುಹಾಕಿದ್ದು 300, ಸಿಕ್ಕಿದ್ದು 474. ಪುಕ್ಕಟೆ ಏನೂ ಬಂದಿಲ್ಲ, ಮುಂದಿನ ಜೇಬಿನದು ಹಿಂದಿನ ಜೇಬಿಗೆ ಬಂದಿದೆ ಅಷ್ಟೆ. ಲೋಡರ್ ಕೆಲಸದಲ್ಲಿ ನಮಗೆ ಬೇಕಾಗಿರುವುದೂ ಅದೇ. ಜನ ಹಿಂದಿನ ಚಕ್ರದ ಹಿಡಿತಕ್ಕೆಂದು ಭಾರ ಕಟ್ಟುತ್ತಾರೆ. ನನ್ನನ್ನು ಕೇಳಿದರೆ ಅದರಿಂದ ಹೆಚ್ಚು ಉಪಕಾರವಾಗುವುದು ಮುಂದಿನ ಆಕ್ಸಲ್ಲಿಗೆ. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಮುಂದಿನ ಆಕ್ಸಲ್ಲಿನ ಗೇರು, ಬೇರಿಂಗು, ಸೀಲು ಒಮ್ಮೆ ಬಿಚ್ಚಿಸಿದವರಿಗೆ ಇದನ್ನು ಎರಡನೇ ಸಲ ಹೇಳಬೇಕಾಗುವುದಿಲ್ಲ.

ಸೆಂಬಿಯಂನ ನೆಂಟಸ್ತಿಕೆ

ಪೀಪಾಯಿಯನ್ನು ತೂಗುಹಾಕುವುದು ಟ್ರ್ಯಾಕ್ಟರಿನ ಹಿಂದಿರುವ ಮೂರು ಕೈಗಳಿಗೆ: ಕೆಳಗೆರಡು, ಮೇಲೊಂದು. ಕಲ್ಟಿವೇಟರು, ರೋಟವೇಟರು ಸಿಕ್ಕಿಸುವುದೂ ಅಲ್ಲಿಗೇ. ಈ ಮೂರು ಕೈಗಳ ಏರ್ಪಾಡನ್ನು ರೂಢಿಗೆ ತಂದವನು ಐರ್ಲೆಂಡಿನ ಹ್ಯಾರಿ ಫರ್ಗುಸನ್. ಮೊದಲ ಮಹಾಯುದ್ಧದ ಕಾಲದ ಟ್ರ್ಯಾಕ್ಟರುಗಳು ನೇಗಿಲನ್ನು ಸರಪಳಿ ಕಟ್ಟಿಯೋ ಕೊಕ್ಕೆ ಹಾಕಿಯೋ ಎಳೆಯುತ್ತಿದ್ದವು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿದರೆ ಟ್ರ್ಯಾಕ್ಟರು ಹಿಂಗಾಲ ಮೇಲೆ ಎದ್ದು, ಓಡಿಸುವವನ ಮೇಲೇ ಮಗುಚಿ ಬೀಳುತ್ತಿತ್ತು. ನೇಗಿಲನ್ನೂ ಟ್ರ್ಯಾಕ್ಟರನ್ನೂ ಒಂದೇ ದೇಹವಾಗಿಸಿದರೆ ನೇಗಿಲಿನ ಭಾರ ಮತ್ತು ಎಳೆತವೇ ಚಕ್ರವನ್ನು ನೆಲಕ್ಕೆ ಒತ್ತುತ್ತದೆ, ಟ್ರ್ಯಾಕ್ಟರಿಗೆ ಕಬ್ಬಿಣದ ಗುಡ್ಡೆ ಹೇರಬೇಕಿಲ್ಲ ಎಂಬುದು ಅವನ ಹಟ. 1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡ. ಮರುವರ್ಷವೇ ಆ ಮೂರು ಕೈಗಳಿದ್ದ ಟ್ರ್ಯಾಕ್ಟರು ಫೋರ್ಡ್ ಕಾರ್ಖಾನೆಯಿಂದ ಹೊರಬಂತು. ಆಮೇಲೆ ಇಬ್ಬರೂ ಕೋರ್ಟಿನಲ್ಲಿ ಭೇಟಿಯಾದರು, ಅದು ಬೇರೆ ಕಥೆ. 1953ರಲ್ಲಿ ಫರ್ಗುಸನ್ ಕಂಪನಿ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿತು. ಹಾಗೆ ಹುಟ್ಟಿದ ಮ್ಯಾಸಿ ಫರ್ಗುಸನ್ ಜೊತೆ ಕೈಜೋಡಿಸಿ 1960ರಲ್ಲಿ ಮದ್ರಾಸಿನಲ್ಲಿ ಶುರುವಾದದ್ದೇ ಟಾಫೆ. ಉತ್ತರ ಚೆನ್ನೈನ ಸೆಂಬಿಯಂನಲ್ಲಿ ಅದರ ಕಾರ್ಖಾನೆ. ನಮ್ಮ ಕಡೆ ಹಳೆಯ ರೈತರು ಇವತ್ತಿಗೂ ಬರೀ 'ಮ್ಯಾಸಿ' ಎನ್ನುವ ಕೆಂಪು ಟ್ರ್ಯಾಕ್ಟರಿನ ಊರು ಇದೇ. ಸಣ್ಣ ಟ್ರ್ಯಾಕ್ಟರಿಗೆ ಹೆಸರಾದ ಕುಬೋಟಾ ಕೂಡ 2008ರಲ್ಲಿ ಭಾರತದ ಅಂಗಡಿ ತೆರೆದದ್ದು ಚೆನ್ನೈನಲ್ಲಿಯೇ.

ಫರ್ಗುಸನ್ ಭಾರ ಹೇರುವುದು ಬೇಡ ಎಂದ, ನಾವು ಅವನ ಕೈಗಳಿಗೇ ಭಾರ ಕಟ್ಟುತ್ತಿದ್ದೇವೆ. ಅವನ ತಪ್ಪಲ್ಲ. ಅವನು ಲೆಕ್ಕ ಹಾಕಿದ್ದು ಹಿಂದಿನ ನೇಗಿಲಿಗೆ, ಮುಂದಿನ ಬಕೆಟ್ಟಿಗಲ್ಲ.

ಬೇರೆ ದಾರಿಗಳೂ ಇವೆ. ಟಯರಿಗೆ ಮುಕ್ಕಾಲು ಪಾಲು ನೀರು ತುಂಬಿಸಬಹುದು. ಹಿಮ ಬೀಳುವ ದೇಶಗಳಲ್ಲಿ ಅದು ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡ್ ಕಲಸುತ್ತಾರೆ, ಚೆನ್ನೈನಲ್ಲಿ ಆ ಚಿಂತೆಯಿಲ್ಲ, ನಲ್ಲಿ ನೀರು ಸಾಕು. ಆದರೆ ಸಣ್ಣ ಟಯರು ಹಿಡಿಯುವುದೇ ಹತ್ತಾರು ಲೀಟರು. ಆ ಭಾರ ಹಿಂದಿನ ಆಕ್ಸಲ್ಲಿನ ಕೆಳಗೇ ಇರುವುದರಿಂದ ಸನ್ನೆಯ ಲಾಭವೂ ಇಲ್ಲ, ಮುಂದಿನ ಆಕ್ಸಲ್‌ನಿಂದ ಒಂದು ಕಿಲೋವನ್ನೂ ಇಳಿಸುವುದಿಲ್ಲ. ಚಕ್ರಕ್ಕೆ ಬಿಗಿಯುವ ಎರಕದ ಕಬ್ಬಿಣದ ಬಿಲ್ಲೆಗಳೂ ಹೀಗೆಯೇ, ಜೊತೆಗೆ ಕಿಲೋ ಲೆಕ್ಕದಲ್ಲಿ ದುಡ್ಡು. ರೋಟವೇಟರನ್ನೇ ಹಿಂದೆ ಸಿಕ್ಕಿಸಿಕೊಂಡು ಓಡಾಡುವವರಿದ್ದಾರೆ. ಕೆಲಸ ಆಗುತ್ತದೆ, ಆದರೆ ಒಂದೂವರೆ ಮೀಟರು ಅಗಲದ ಅದು ಕೊಟ್ಟಿಗೆಯ ಕಂಬಗಳನ್ನು ಒಂದೊಂದಾಗಿ ಮಾತಾಡಿಸಿಕೊಂಡು ಬರುತ್ತದೆ. ಪೀಪಾಯಿ ದುಂಡಗಿದೆ, ಮೂಲೆಯಿಲ್ಲ, ಹಿಂದಿನ ಚಕ್ರಗಳ ಅಗಲದೊಳಗೇ ಅಡಗಿರುತ್ತದೆ. ಎರಕಕ್ಕೆ ಹಲಗೆ ಹೊಡೆದು ಸೆಂಟ್ರಿಂಗ್ ಕಟ್ಟುವ ಕೆಲಸವೂ ಉಳಿಯುತ್ತದೆ.

ಕಾಂಕ್ರೀಟನ್ನು ಬರೀ ತೂಕಕ್ಕೆ ಬಳಸುವುದು ಹೊಸದೇನಲ್ಲ. ಮುಂದಿನಿಂದ ಬಟ್ಟೆ ತುಂಬುವ ವಾಷಿಂಗ್ ಮೆಷಿನ್ನನ್ನು ಮೂರನೇ ಮಹಡಿಗೆ ಹೊತ್ತವರು ಅದರೊಳಗಿನ ಕಾಂಕ್ರೀಟ್ ಗಟ್ಟಿಯನ್ನು ಹೊತ್ತಿದ್ದಾರೆ, ಡ್ರಮ್ಮು ಗಿರಗಿರ ತಿರುಗುವಾಗ ಮೆಷಿನ್ನು ಮನೆಯೆಲ್ಲ ಅಡ್ಡಾಡದಿರಲಿ ಎಂದು ಇಟ್ಟದ್ದು ಅದು. ಅಪಾರ್ಟ್‌ಮೆಂಟು ಕಟ್ಟುವ ಕಡೆ ಎತ್ತರದ ಕ್ರೇನಿನ ಗಿಡ್ಡ ತೋಳಿನ ತುದಿಯಲ್ಲಿ ನೇತಾಡುವ ಬೂದು ಹಲಗೆಗಳೂ ಕಾಂಕ್ರೀಟೇ.

ಒಂದೇ ಮೂಟೆ

ಎಷ್ಟು ತೂಕ? ಈ ಪ್ರಶ್ನೆಗೆ ನನ್ನ ಉತ್ತರ ಗಟ್ಟಿ: ಒಂದು ಮೂಟೆ ಸಿಮೆಂಟು, ಅದಕ್ಕಿಂತ ಹೆಚ್ಚು ಬೇಡ. 50 ಕಿಲೋ ಸಿಮೆಂಟು ಅಂದರೆ ಸುಮಾರು 35 ಲೀಟರು. ಅದಕ್ಕೆ ಒಂದೂವರೆ ಪಾಲು ಎಂ-ಸ್ಯಾಂಡ್, ಅಂದರೆ 52 ಲೀಟರು. ಮೂರು ಪಾಲು 20 ಮಿ.ಮೀ. ಜಲ್ಲಿ, 105 ಲೀಟರು. ನೀರು 25 ಲೀಟರು ಮೀರಕೂಡದು, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಮೇಸ್ತ್ರಿಗಳ ಬಾಯಲ್ಲಿ ಇದು ಒಂದು-ಒಂದೂವರೆ-ಮೂರು. ಕಲಸಿ ದಮ್ಮಸ್ಸು ಮಾಡಿದ ಮೇಲೆ ಇಷ್ಟೂ ಸೇರಿ 125 ಲೀಟರಿನ ಆಸುಪಾಸಿಗೆ ಇಳಿಯುತ್ತದೆ. ಕಾಂಕ್ರೀಟು ಲೀಟರಿಗೆ 2.4 ಕಿಲೋ ತೂಗುತ್ತದೆ. ಅಲ್ಲಿಗೆ 300 ಕಿಲೋ ಸಿದ್ಧ.

ನಾವು ಕೆಲಸಕ್ಕೆ ಕರೆದಿದ್ದ ಗಾರೆ ಮೇಸ್ತ್ರಿ ತಾಳವಾಡಿ ಕಡೆಯವನು, ಮನೆಮಾತು ಕನ್ನಡ. ಚೆನ್ನೈನ ಗಾರೆಯವರ ಜೊತೆ ಬೆರೆಯಲು ಅವನಿಗೆ ಕಷ್ಟವೇ ಆಗಲಿಲ್ಲವಂತೆ, ಜಲ್ಲಿಗೆ ಅಲ್ಲೂ ಜಲ್ಲಿಯೇ, ಕರಣೆಗೆ ಅಲ್ಲೂ ಕರಣೆಯೇ. 200 ಲೀಟರಿನ ಡ್ರಮ್ಮನ್ನು ನಾನು ಅರ್ಧಕ್ಕೆ ಕತ್ತರಿಸಲು ಗೆರೆ ಎಳೆಯುತ್ತಿದ್ದುದನ್ನು ನೋಡಿ ಅವನಿಗೆ ಸಂಕಟ. "ಯಾಕಣ್ಣ ಕುಯ್ತೀರಿ? ಇನ್ನೊಂದು ಮೂಟ ಹಾಕ್ಬುಟ್ರೆ ತುಂಬೋಯ್ತದಲ್ಲ!"

ತುಂಬಿದರೆ 480 ಕಿಲೋ. ಅದೇ ತೊಂದರೆ. 20ರಿಂದ 27 ಎಚ್‌ಪಿಯ ಸಣ್ಣ ಟ್ರ್ಯಾಕ್ಟರುಗಳ ಪುಸ್ತಕದಲ್ಲಿ ಲಿಫ್ಟು 750 ಕಿಲೋ ಎತ್ತುತ್ತದೆ ಎಂದು ಬರೆದಿರುತ್ತದೆ, ಇನ್ನೂ ಚಿಕ್ಕವಕ್ಕೆ 500. ಆ ಅಂಕಿ ಕೆಳಗಿನ ಕೈಗಳ ತುದಿಯಲ್ಲಿ ಅಳೆದದ್ದು. ಪೀಪಾಯಿಯ ಭಾರ ಅದಕ್ಕಿಂತ ಹಿಂದಕ್ಕೆ ಸರಿದಂತೆ ಲಿಫ್ಟಿನ ತಾಕತ್ತು ಇಳಿಯುತ್ತದೆ. ಎತ್ತಿತು ಎಂದೇ ಇಟ್ಟುಕೊಳ್ಳಿ, ಬಕೆಟ್ ಖಾಲಿಯಿದ್ದಾಗ ಮೂತಿ ಹಗುರಾಗಿ ಸ್ಟೀರಿಂಗು ಮಾತು ಕೇಳುವುದಿಲ್ಲ. ಟ್ರ್ಯಾಕ್ಟರಿನ ಸ್ವಂತ ತೂಕದ ಐದರಲ್ಲಿ ಒಂದು ಪಾಲಾದರೂ ಮುಂದಿನ ಚಕ್ರಗಳ ಮೇಲೆ ಉಳಿದಿರಬೇಕು ಎಂಬುದು ಎಲ್ಲರೂ ಒಪ್ಪುವ ಕಟ್ಟಳೆ. ಸಾವಿರ ಕಿಲೋದ ಗಾಡಿಯಲ್ಲಿ ಮುಂದೆ ಸುಮಾರು 400 ಕಿಲೋ ಇರುತ್ತದೆ. 174 ಕಳೆದರೂ 226 ಉಳಿಯಿತು, ಪರವಾಗಿಲ್ಲ. ಗಾಡಿಯೇ 650 ಕಿಲೋದ್ದಾದರೆ ಮುಂದಿರುವುದು 260, ಕಳೆದರೆ 86. ಅಂಥ ಗಾಡಿಗೆ ಪೀಪಾಯಿ 200 ಕಿಲೋ ದಾಟಬಾರದು, ಮೂಟೆಯಲ್ಲಿ ಮೂರರ ಎರಡು ಪಾಲು ಸಾಕು.

200 ಲೀಟರಿನ ಡ್ರಮ್ಮಿನ ಒಳ ಅಗಲ 57 ಸೆಂ.ಮೀ. ಒಂದು ಸೆಂಟಿಮೀಟರು ಎತ್ತರಕ್ಕೆ ಎರಡೂವರೆ ಲೀಟರು, ಅಂದರೆ 6 ಕಿಲೋ. 300 ಕಿಲೋಗೆ 49 ಸೆಂ.ಮೀ. ಎತ್ತರ ಬೇಕು. 52ಕ್ಕೆ ಕತ್ತರಿಸಿದೆವು. ಮೇಲೆ ಉಳಿಯುವ ಮೂರು ಸೆಂಟಿಮೀಟರಿನ ಅಂಚಿಗೆ ಆಮೇಲೆ ಕೆಲಸವಿದೆ.

ಡ್ರಮ್ಮಿನ ವಿಚಾರದಲ್ಲಿ ಒಂದು ಮಾತು ಗಂಭೀರವಾಗಿ ಹೇಳಬೇಕು. ಮೊದಲು ನಾವು ತಂದದ್ದು ಗುಜರಿಯಿಂದ ಒಂದು ತಗಡಿನ ಡ್ರಮ್ಮು. ವೆಲ್ಡರ್ ಅಣ್ಣ ಅದರ ಮುಚ್ಚಳ ತಿರುಗಿಸಿ ಮೂಗು ಹತ್ತಿರ ತಂದ, ಮತ್ತೆ ಮುಚ್ಚಿದ, ಕಟ್ಟರನ್ನು ಕೆಳಗಿಟ್ಟುಬಿಟ್ಟ. ಒಳಗೆ ಮೊದಲು ಥಿನ್ನರ್ ಇತ್ತು. ಖಾಲಿ ಡ್ರಮ್ಮು ಖಾಲಿಯಲ್ಲ, ತಳದಲ್ಲಿ ಒಂದು ಚಮಚ ಉಳಿದಿದ್ದರೂ ಅದರ ಆವಿ ಒಳಗೆಲ್ಲ ತುಂಬಿರುತ್ತದೆ, ಗ್ರೈಂಡರಿನ ಒಂದು ಕಿಡಿ ಸಾಕು ಸಿಡಿಯಲು. ಏನು ತುಂಬಿದ್ದರು ಎಂದು ಗೊತ್ತಿಲ್ಲದ ತಗಡಿನ ಡ್ರಮ್ಮಿಗೆ ಗ್ಯಾಸಾಗಲಿ ಗ್ರೈಂಡರಾಗಲಿ ಮುಟ್ಟಿಸಬೇಡಿ. ನಾವು ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಬಂದೆವು. 2019ರ ಬೇಸಿಗೆಯಲ್ಲಿ ಕೆರೆಗಳೆಲ್ಲ ಬತ್ತಿ ಊರಿಗೆ ಊರೇ ಟ್ಯಾಂಕರಿಗೆ ಕಾದಿದ್ದ ಮೇಲೆ ಚೆನ್ನೈನ ಮನೆಗಳಲ್ಲಿ ನೀಲಿ ಡ್ರಮ್ಮಿಗೆ ಬರವಿಲ್ಲ. ತೊಳೆದು ಕೈಗರಗಸದಲ್ಲಿ ಕತ್ತರಿಸಿದರೆ ಆಯಿತು, ಕಡಲ ಗಾಳಿಗೆ ತುಕ್ಕೂ ಹಿಡಿಯುವುದಿಲ್ಲ.

ಮೊದಲ ಪೀಪಾಯಿ ಕೆಟ್ಟದ್ದು

ಮೂರು ಕೈಗಳ ಅಳತೆ ಜಗತ್ತಿಗೆಲ್ಲ ಒಂದೇ ಇರಲಿ ಎಂದು ವರ್ಗ ಮಾಡಿಟ್ಟಿದ್ದಾರೆ. ಒಂದನೇ ವರ್ಗದಲ್ಲಿ ಕೆಳಗಿನ ಪಿನ್ನು 22 ಮಿ.ಮೀ. ದಪ್ಪ, ಮೇಲಿನ ಟಾಪ್ ಲಿಂಕಿನ ಪಿನ್ನು 19 ಮಿ.ಮೀ. ಕೆಳಗಿನ ಎರಡು ಪಿನ್ನುಗಳ ಹೆಗಲಿನಿಂದ ಹೆಗಲಿಗೆ 68.3 ಸೆಂ.ಮೀ. ಕೆಳಗಿನ ಪಿನ್ನುಗಳಿಂದ ಟಾಪ್ ಲಿಂಕ್ ಪಿನ್ನಿಗೆ ಎತ್ತರ 46 ಸೆಂ.ಮೀ. 57ರ ಡ್ರಮ್ಮು 68ರ ನಡುವೆ ಆರಾಮಾಗಿ ಕೂರುತ್ತದೆ. ಆದರೆ ತೀರಾ ಸಣ್ಣ ಟ್ರ್ಯಾಕ್ಟರುಗಳಲ್ಲಿ ಕೆಳಗಿನ ಕೈಗಳ ನಡುವೆ ಇರುವುದು 40 ಸೆಂ.ಮೀ. ಮಾತ್ರ. ಅದಕ್ಕೆ ಈ ಡ್ರಮ್ಮು ತೂರದು, ಕಡಿಮೆ ಅಗಲದ ಡ್ರಮ್ಮೇ ಬೇಕು. ಟೇಪು ಹಿಡಿದು ಅಳೆದ ಮೇಲೆ ಅಂಗಡಿಗೆ ಹೋಗಿ, ಮೊದಲಲ್ಲ.

ನಾವು ಅಳೆದಿದ್ದೆವು. ಕೆಟ್ಟದ್ದು ಬೇರೆ ಕಡೆ. ಅಂಬತ್ತೂರಿನ ಒಂದು ಲೇತಿನಲ್ಲಿ 40 ಮಿ.ಮೀ. ಶಾಫ್ಟನ್ನು 68.3 ಸೆಂ.ಮೀ. ಬಿಟ್ಟು, ಎರಡು ತುದಿಯನ್ನೂ ಆರಾರು ಸೆಂಟಿಮೀಟರು 22ಕ್ಕೆ ಇಳಿಸಿ, ಲಿಂಚ್ ಪಿನ್ನಿಗೆ ತೂತು ಕೊರೆಸಿ ತಂದೆವು. ಡ್ರಮ್ಮಿನ ಎರಡು ಮಗ್ಗುಲಿಗೆ ತೂತು ಮಾಡಿ ಶಾಫ್ಟು ತೂರಿಸಿ ಕಾಂಕ್ರೀಟು ಸುರಿದೆವು. ಟಾಪ್ ಲಿಂಕಿಗೆ ಬೇಕಾದ ಎರಡು ಪಟ್ಟಿಗಳನ್ನು ಹಸಿ ಕಾಂಕ್ರೀಟಿಗೆ ಕಣ್ಣಂದಾಜಿನಲ್ಲಿ ನೆಟ್ಟೆವು. ನೆಟ್ಟಾಗ ನೆಟ್ಟಗೇ ಇದ್ದವು. ಬೆಳಿಗ್ಗೆ ನೋಡಿದರೆ ಒಂದು ಪಟ್ಟಿ ಒಂದು ಬೆರಳು ಕುಸಿದಿದೆ, ಇನ್ನೊಂದು ಓರೆಯಾಗಿದೆ. 19 ಮಿ.ಮೀ. ಪಿನ್ನು ಎರಡು ತೂತಿನಲ್ಲೂ ಒಟ್ಟಿಗೆ ತೂರುವುದಿಲ್ಲ. ಸುತ್ತಿಗೆಗೆ ಬಗ್ಗಲಿಲ್ಲ, ಬೈಗುಳಕ್ಕೂ ಬಗ್ಗಲಿಲ್ಲ. 300 ಕಿಲೋದ ಆ ತಪ್ಪು ಈಗ ಕೊಟ್ಟಿಗೆಯ ಅಂಗಳದಲ್ಲಿ ಹಸು ಕಟ್ಟುವ ಗೂಟವಾಗಿದೆ. ಯಾವ ಹಸುವೂ ಅದನ್ನು ಕಿತ್ತುಕೊಂಡು ಹೋಗಿಲ್ಲ.

ಎರಡನೇ ಸಲ ದಾರಿ ಬದಲಿಸಿದೆವು. ಕಾಂಕ್ರೀಟಿಗೆ ಮೊದಲು ಕಬ್ಬಿಣದ ಅಸ್ಥಿಪಂಜರ ಪೂರ್ತಿ ಆಗಬೇಕು. 50 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಎರಡು ಪಟ್ಟಿಗಳನ್ನು ಶಾಫ್ಟಿನ ನಡುಭಾಗಕ್ಕೇ ವೆಲ್ಡ್ ಮಾಡಿಸಿದೆವು, ನಡುವೆ ಟಾಪ್ ಲಿಂಕಿನ ಗುಂಡು ಆಡುವಷ್ಟು, ಐದು ಸೆಂಟಿಮೀಟರು ಚಿಲ್ಲರೆ ಜಾಗ ಬಿಟ್ಟು. ಎರಡು ಪಟ್ಟಿಗೂ ಒಂದೇ ಪಿನ್ನು ತೂರಿಸಿಟ್ಟುಕೊಂಡೇ ವೆಲ್ಡು, ಹಾಗಾದರೆ ತೂತುಗಳು ಎದುರುಬದುರು ತಪ್ಪುವುದಿಲ್ಲ. ಶಾಫ್ಟಿಗೆ 12 ಮಿ.ಮೀ. ಕಂಬಿಯ ತುಂಡುಗಳನ್ನು ಅಡ್ಡಡ್ಡ ಅಂಟಿಸಿದೆವು. ಇವಿಲ್ಲದಿದ್ದರೆ ನುಣ್ಣನೆಯ ಶಾಫ್ಟು ಕಾಂಕ್ರೀಟಿನೊಳಗೆ ದಿನ ಕಳೆದಂತೆ ಸಡಿಲಾಗಿ ಗಾಣದ ಹಾಗೆ ತಿರುಗಲು ಶುರುಮಾಡುತ್ತದೆ. ಮುಖ್ಯವಾದದ್ದು ಇದು: ಆ ಬೋಳು ಅಸ್ಥಿಪಂಜರವನ್ನು ಹೊತ್ತುಕೊಂಡು ಹೋಗಿ ಟ್ರ್ಯಾಕ್ಟರಿಗೇ ಸಿಕ್ಕಿಸಿ, ಲಿಫ್ಟು ಪೂರ್ತಿ ಏರಿಸಿ ಇಳಿಸಿ ನೋಡಿದೆವು. ಡ್ರಮ್ಮಿನ ಅರ್ಧ ಭಾಗ ಶಾಫ್ಟಿಗಿಂತ ಮುಂದಕ್ಕೆ, ಟ್ರ್ಯಾಕ್ಟರಿನ ಕಡೆಗೆ ಬರುತ್ತದಲ್ಲ, ಅದು ಎಂಜಿನ್ನಿನ ಶಕ್ತಿ ಹೊರಕೊಡುವ ಪಿ.ಟಿ.ಓ. ಶಾಫ್ಟಿಗೆ, ಕೆಳಗಿನ ಕೈಗಳು ಅತ್ತಿತ್ತ ಆಡದಂತೆ ಹಿಡಿಯುವ ಚೆಕ್ ಚೈನಿಗೆ ತಾಗುವುದೇ ಎಂದು 57 ಸೆಂ.ಮೀ.ನ ರಟ್ಟಿನ ಚಕ್ರವೊಂದನ್ನು ಹಿಡಿದು ಪರೀಕ್ಷಿಸಿದೆವು. ತಾಗುವ ಹಾಗಿದ್ದರೆ ಶಾಫ್ಟನ್ನು ನಡುವಿಗಿಂತ ಒಂದು ಗೇಣು ಟ್ರ್ಯಾಕ್ಟರಿನ ಕಡೆಗೆ ಸರಿಸಬೇಕು. ಆಗ ಪೀಪಾಯಿ ಹಿಂದೆ ಹೋಗುತ್ತದೆ, ಸನ್ನೆ ಉದ್ದವಾಗುತ್ತದೆ, ಮೇಲಿನ ಲೆಕ್ಕವೂ ಅಷ್ಟರಮಟ್ಟಿಗೆ ಬದಲಾಗುತ್ತದೆ.

ಡ್ರಮ್ಮಿಗಿಂತ ಉದ್ದದ ಶಾಫ್ಟನ್ನು, ಅದೂ ಪಟ್ಟಿ ಅಂಟಿಸಿದ್ದನ್ನು, ಡ್ರಮ್ಮಿನೊಳಗೆ ಇಳಿಸುವುದು ಹೇಗೆ? ತೂತಿನ ಬದಲು ಸೀಳು. ಡ್ರಮ್ಮಿನ ಬಾಯಿಂದ ಕೆಳಕ್ಕೆ, ತಳದಿಂದ 15 ಸೆಂ.ಮೀ. ಎತ್ತರದವರೆಗೆ ಎರಡು ಮಗ್ಗುಲಲ್ಲೂ ಶಾಫ್ಟಿನ ದಪ್ಪಕ್ಕೆ ಸೀಳಿ, ಅಸ್ಥಿಪಂಜರವನ್ನು ಮೇಲಿಂದ ಇಳಿಸಿ, ಸೀಳಿಗೆ ತಗಡಿನ ಪಟ್ಟಿ ಹಾಕಿ ಸ್ಕ್ರೂ ಬಿಗಿದೆವು. ಹಸಿ ಕಾಂಕ್ರೀಟು ನೀರಿನ 2.4 ಪಟ್ಟು ಒತ್ತಡದಿಂದ ಹೊರಕ್ಕೆ ದಬ್ಬುತ್ತದೆ, ಹಾಗಾಗಿ ಡ್ರಮ್ಮಿನ ಹೊಟ್ಟೆಗೆ ಮೂರು ಸುತ್ತು ಹಗ್ಗವನ್ನೂ ಬಿಗಿದು ಕಟ್ಟಬೇಕು. ಶಾಫ್ಟಿನ ಎರಡು ತುದಿಗೂ ಸಮ ಎತ್ತರದ ಇಟ್ಟಿಗೆ, ಮೇಲಿನ ಪಟ್ಟಿಗೆ ಎರಡು ಕಡೆಯಿಂದ ಬೈಂಡಿಂಗ್ ವೈರು. ಸ್ಪಿರಿಟ್ ಲೆವೆಲ್ ಇಟ್ಟು ಗುಳ್ಳೆ ನಡುವಿಗೆ ಬಂದ ಮೇಲೆಯೇ ಬಾಂಡ್ಲಿಗೆ ಕೈ ಹಾಕಿ. ಶಾಫ್ಟು ತಳದಿಂದ 15 ಸೆಂ.ಮೀ., ಟಾಪ್ ಲಿಂಕಿನ ತೂತು ಅದಕ್ಕಿಂತ 46 ಮೇಲೆ, ಅಂದರೆ 61ರಲ್ಲಿ. ಕಾಂಕ್ರೀಟು 49ಕ್ಕೆ ನಿಲ್ಲುತ್ತದೆ. ತೂತು 12 ಸೆಂ.ಮೀ. ಮೇಲೆ ನಿಂತಿತು, ಲಿಂಕು ಆಡಲು ಜಾಗ ಸಿಕ್ಕಿತು.

ತೂಕ ಇನ್ನೂ ಸ್ವಲ್ಪ ಬೇಕೆನಿಸಿದರೆ ಎತ್ತರ ಹೆಚ್ಚಿಸಬೇಡಿ, ಕಬ್ಬಿಣ ತುಂಬಿ. ಪುದುಪೇಟೆಯಲ್ಲಿ ಹಳೆ ಗಾಡಿಗಳನ್ನು ಬಿಚ್ಚಿ ಮಾರುವ ಸಾಲಿನಲ್ಲಿ ಸವೆದ ಬ್ರೇಕ್ ಡ್ರಮ್ಮು, ಮುರಿದ ಗೇರು ತೂಕದ ಲೆಕ್ಕದಲ್ಲಿ ಸಿಗುತ್ತವೆ. 50 ಕಿಲೋ ಕಬ್ಬಿಣ ಆರೂವರೆ ಲೀಟರು ಜಾಗ ಹಿಡಿದು ಸುಮಾರು 15 ಕಿಲೋ ಕಾಂಕ್ರೀಟನ್ನು ಹೊರದಬ್ಬುತ್ತದೆ, ನಿಮಗೆ ಉಳಿಯುವ ಲಾಭ 35 ಕಿಲೋ. ಎಣ್ಣೆ, ಗ್ರೀಸು ಒರೆಸಿ ಹಾಕಿ, ಇಲ್ಲದಿದ್ದರೆ ಕಾಂಕ್ರೀಟು ಕಚ್ಚುವುದಿಲ್ಲ.

ಕಡಲ ಪಕ್ಕದ ಇ.ಸಿ.ಆರ್. ರಸ್ತೆಯ ಅಂಚಿನವರಿಗೆ ಒಂದು ಆಸೆ ಹುಟ್ಟುವುದು ಸಹಜ: ಕಣ್ಣಳತೆಯಲ್ಲೇ ಕಡಲ ಮರಳಿದೆ, ಬೋರ್‌ವೆಲ್ಲಿನಲ್ಲಿ ನೀರಿದೆ. ಎರಡೂ ಬೇಡ. ಅವುಗಳಲ್ಲಿನ ಉಪ್ಪು ಒಳಗಿನ ಕಂಬಿಯನ್ನು ತಿಂದು, ತುಕ್ಕು ಉಬ್ಬಿ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಕುಡಿಯಲು ಆಗುವ ನೀರಿನಲ್ಲೇ ಕಲಸಿ. ಕತ್ತರಿ ಬಿಸಿಲಿನ ಮೇ ತಿಂಗಳಾದರೆ ಸಂಜೆ ನಾಲ್ಕರ ಮೇಲೆ ಸುರಿಯಿರಿ. ಮೂರು ಪದರವಾಗಿ ಹಾಕಿ, ಪ್ರತಿ ಪದರಕ್ಕೂ ಕಂಬಿಯಿಂದ ಚುಚ್ಚಿ ಚುಚ್ಚಿ ಗಾಳಿ ಬಿಡಿಸಿ, ಹೊರಗಿನಿಂದ ಮರದ ಕೊಡತಿಯಲ್ಲಿ ತಟ್ಟಿ. ಕೊನೆಯ ಪದರಕ್ಕೆ ಮೊದಲು ಎರಡು ಪಿ.ವಿ.ಸಿ. ಪೈಪಿನ ತುಂಡು ನಿಲ್ಲಿಸಿದರೆ ಮುಂದೆ ಹಾರೆ, ಸಲಿಕೆ ನಿಲ್ಲಿಸಿಕೊಂಡು ಹೋಗಬಹುದು. ನಮ್ಮ ಮೇಸ್ತ್ರಿಗೆ ಪೂರ್ತಿ ಮೆಚ್ಚಿಗೆಯಾದದ್ದು ಇದೊಂದೇ.

ಆಗ ಬಿಟ್ಟ ಮೂರು ಸೆಂಟಿಮೀಟರಿನ ಅಂಚು ಕೆಲಸಕ್ಕೆ ಬರುವುದು ಈಗ. ಮಾರನೇ ದಿನ ಅದರೊಳಗೆ ನೀರು ಕಟ್ಟಿ ನಿಲ್ಲಿಸಿದರೆ ಬೇರೆ ಗೋಣಿ ತಾಟು ಬೇಡ. ನಮ್ಮ ಕಾಂಕ್ರೀಟು ಸಂಹಿತೆ ಐ.ಎಸ್. 456 ಹೇಳುವಂತೆ ಮಾಮೂಲು ಸಿಮೆಂಟಿಗೆ ಕನಿಷ್ಠ 7 ದಿನ ಕ್ಯೂರಿಂಗ್ ಬೇಕು, ಒಣ ಬಿಸಿಲಿದ್ದರೆ 10. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಬೂದಿ ಬೆರೆತ ಪಿ.ಪಿ.ಸಿ.ಗೆ ಬಿಸಿಲಿನಲ್ಲಿ 14 ದಿನ. ಎರಡು ವಾರ ಮುಟ್ಟಬೇಡಿ, ತಾಕತ್ತು ಪೂರ್ತಿ ಬರುವುದು 28ನೇ ದಿನಕ್ಕೆ. ನಿಂತ ನೀರನ್ನು ಎರಡು ದಿನಕ್ಕೊಮ್ಮೆ ಬದಲು ಮಾಡಿ. ಚೆನ್ನೈನಲ್ಲಿ ಸೊಳ್ಳೆ ಹುಡುಕಿಕೊಂಡು ಬರುವ ಕಾರ್ಪೊರೇಷನ್ನಿನವರಿಗೆ ಕ್ಯೂರಿಂಗೂ ಒಂದೇ, ತೆಂಗಿನ ಚಿಪ್ಪೂ ಒಂದೇ. ಕ್ಯೂರಿಂಗ್ ಮುಗಿದ ದಿನವೇ ಅಂಚಿಗೆ ಒಂದು ತೂತು ಕೊರೆದು ಮಳೆನೀರು ಹರಿದುಹೋಗುವಂತೆ ಮಾಡಿ.

ಪೀಪಾಯಿಯ ತಳಕ್ಕೆ 5 ಸೆಂ.ಮೀ. ಎತ್ತರದ ಎರಡು ಮರದ ದಿಮ್ಮಿ ಇಟ್ಟರೆ ಪಿನ್ನುಗಳು ನೆಲದಿಂದ 20 ಸೆಂ.ಮೀ.ಗೆ ಬರುತ್ತವೆ, ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ಒಬ್ಬನೇ ಸಿಕ್ಕಿಸಬಹುದು. ಲಿಫ್ಟಿನ ಎರಡು ಸನ್ನೆಗಳಲ್ಲಿ ಪೊಸಿಷನ್ ಕಂಟ್ರೋಲನ್ನೇ ಬಳಸಿ. ಡ್ರಾಫ್ಟ್ ಕಂಟ್ರೋಲಿನಲ್ಲಿಟ್ಟರೆ ಟ್ರ್ಯಾಕ್ಟರು ಪೀಪಾಯಿಯನ್ನು ನೇಗಿಲೆಂದು ತಿಳಿದು ತಾನೇ ಏರಿಸಿ ಇಳಿಸುತ್ತದೆ. ಓಡಾಡುವಾಗ ನೆಲದಿಂದ ಒಂದು ಗೇಣು ಮಾತ್ರ ಎತ್ತಿ, ಚೆಕ್ ಚೈನ್ ಬಿಗಿ ಮಾಡಿ, ಇಲ್ಲದಿದ್ದರೆ ತಿರುವಿನಲ್ಲಿ ಅದು ದೇವಸ್ಥಾನದ ಗಂಟೆಯಾಗುತ್ತದೆ. ಎಂಜಿನ್ ಆರಿಸುವ ಮುನ್ನ ನೆಲಕ್ಕಿಳಿಸಿ. ಎತ್ತಿಟ್ಟ ಪೀಪಾಯಿಯ ಕೆಳಗೆ ಕೈ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಕೋವಳಂ ಕಡೆಯ ಮೀನುಗಾರರ ಕುಪ್ಪಗಳಲ್ಲಿ ಫೈಬರ್ ದೋಣಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮರಳಿನ ಮೇಲಕ್ಕೆ ಎಳೆಯುವವರು ನಮ್ಮ ಪೀಪಾಯಿ ನೋಡಿದರೆ ಇಷ್ಟಪಟ್ಟಾರು, ಮರಳಿನಲ್ಲಿ ಚಕ್ರ ಸುಮ್ಮನೆ ತಿರುಗುವುದು ತಪ್ಪುತ್ತದೆ. ಆದರೆ ಹಗ್ಗವನ್ನು ಪೀಪಾಯಿಯ ಮೇಲಿನ ಪಟ್ಟಿಗೆ ಕಟ್ಟಿದರೋ, ಫರ್ಗುಸನ್ ನೂರು ವರ್ಷದ ಹಿಂದೆ ತಪ್ಪಿಸಲು ಹೆಣಗಿದ ಅಪಾಯವೇ ತಿರುಗಿ ಬರುತ್ತದೆ: ಎಳೆತ ಹಿಂದಿನ ಆಕ್ಸಲ್ಲಿಗಿಂತ ಮೇಲಿದ್ದರೆ ಟ್ರ್ಯಾಕ್ಟರು ಹಿಂದಕ್ಕೆ ಮಗುಚುತ್ತದೆ. ಎಳೆಯುವುದಿದ್ದರೆ ಕೆಳಗಿನ ಡ್ರಾಬಾರಿನಿಂದ ಮಾತ್ರ. ಕೆಸರುಗದ್ದೆಗೆ ಇಳಿಯುವ ದಿನ ಪೀಪಾಯಿಯನ್ನು ಕೊಟ್ಟಿಗೆಯಲ್ಲೇ ಬಿಟ್ಟು ಹೋಗಿ, ಅಲ್ಲಿ ತೂಕವೇ ಹೂತುಹಾಕುತ್ತದೆ.

ಲೆಕ್ಕ ಸರಿಯೇ ಎಂದು ನೋಡಲು ದೊಡ್ಡ ಉಪಕರಣ ಬೇಡ, ರಸ್ತೆಬದಿಯ ವೇಬ್ರಿಡ್ಜು ಸಾಕು. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಹಿಂದಿನದು ಮಾತ್ರ ಇರುವಂತೆ ನಿಲ್ಲಿಸಿ ಇನ್ನೊಂದು. ಪೀಪಾಯಿ ಇಲ್ಲದೆ ಎರಡು ಚೀಟಿ, ಎತ್ತಿಕೊಂಡು ಎರಡು. ನಮ್ಮ ನಾಲ್ಕು ಚೀಟಿಗಳ ಪ್ರಕಾರ ಮುಂದೆ ಇಳಿದದ್ದು 180 ಕಿಲೋ, ಹಿಂದೆ ಏರಿದ್ದು 490. ಕಳೆದರೆ ಪೀಪಾಯಿಯ ತೂಕ, ಕಬ್ಬಿಣವೂ ಸೇರಿ, 310 ಕಿಲೋ.